ಉರಿಯದ ಕೈ

ಅಥವಾ ಅವ್ವ ಹಾಗೆ ಅಂದೇ ಇರಲಿಲ್ಲವೇನೋ. “ನಿನ್ನ ಕೈ ತಣ್ಣಗದ ಕಣವ್ವ” ಎಂಬ ಮಾತು ಇಷ್ಟು ಸ್ಪಷ್ಟವಾಗಿ ಕಿವಿಯಲ್ಲಿ ಉಳಿದಿರುವುದೇ ನನ್ನ ಅನುಮಾನಕ್ಕೆ ಕಾರಣ. ಅವ್ವ ಅಷ್ಟು ಬಿಡಿಸಿ ಮಾತಾಡುವವಳಲ್ಲ. ಪಕ್ಕೆಯ ನೋವು ಶುರುವಾದ ಮೇಲಂತೂ ಅರ್ಧ ಮಾತು ಹಲ್ಲಿನ ಹಿಂದೆಯೇ ಉಳಿಯುತ್ತಿತ್ತು. ಆ ಮಾತನ್ನು ಒಳಗೊಳಗೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಈಗ ಅದು ಅವ್ವನ ದನಿಯಲ್ಲಿದೆಯೋ ನನ್ನ ದನಿಯಲ್ಲಿದೆಯೋ ಹೇಳಲಾರೆ. “ಇವತ್ತು ಅಷ್ಟು ಉರೀಲಿಲ್ಲ” ಅಂದಿರಬಹುದು. ಬರೀ “ಊಂ” ಅಂದಿರಬಹುದು.

ಆ ದಿನ ಅತ್ತಿಗೆ ಊರಲ್ಲಿರಲಿಲ್ಲ. ಅದೊಂದು ಖಚಿತ.

ಖಚಿತವಾದ ಇನ್ನಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಹೋದ ವರ್ಷ ರಾಗಿ ಕುಯ್ಲಿನ ಹೊತ್ತಿಗೆ ಅವ್ವನಿಗೆ ಎಡ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಬೆನ್ನುಮೂಳೆಯ ಹತ್ತಿರ ಶುರುವಾಗಿ ಎದೆಯ ಕೆಳಗಿನವರೆಗೆ ಅಂಗೈ ಅಗಲದ ಕೆಂಪು ಪಟ್ಟಿ, ಅದರ ತುಂಬ ನೀರುಗುಳ್ಳೆ. ಅವ್ವ ಇರುವುದು ತಿಗನಾರೆಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ನನ್ನನ್ನು ಕೊಟ್ಟಿರುವುದು ಪಣಕಹಳ್ಳಿಗೆ. ಸ್ಕೂಟರಿನಲ್ಲಿ ದಿನವೂ ಹೋಗಿ ಬರಬಹುದು. ಸರ್ಪದ ತಲೆಯೂ ಬಾಲವೂ ಮೈ ಸುತ್ತಿ ಕೂಡಿಬಿಟ್ಟರೆ ಆಳು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ. ಕೂಡದ ಹಾಗೆ ಎರಡು ತುದಿಗೂ ಕೆಮ್ಮಣ್ಣಿನಲ್ಲಿ ಗೆರೆ ಎಳೆಯುವ ಅಜ್ಜ ಒಬ್ಬನಿದ್ದಾನೆ. ಗರಿಕೆ ಅರೆದು, ಕೆಮ್ಮಣ್ಣು ಕಲಸಿ, ಒಂಬತ್ತು ದಿನ ಬಳಿದ. ಗುಳ್ಳೆ ಒಣಗಿ ಹಕ್ಕಳೆ ಉದುರಿದವು. ಅಜ್ಜನಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದೆವು. ನೋವು ಮಾತ್ರ ಹೋಗಲಿಲ್ಲ.

ಮೊದಲ ದಿನವೇ ಆಸ್ಪತ್ರೆಗೆ ಹೋಗೋಣ ಎಂದವಳು ನಾನು. ಹೀಗೆಂದು ಬಹಳ ದಿನ ನಂಬಿದ್ದೆ, ಒಂದಿಬ್ಬರಿಗೆ ಹೇಳಿಯೂ ಇದ್ದೆ. ಈಗ ಆ ಜಗಲಿಯನ್ನು ನೆನೆಸಿಕೊಂಡರೆ, ಆಸ್ಪತ್ರೆಯ ಮಾತಾಡುತ್ತಿರುವವಳ ಕೈಯಲ್ಲಿ ಮೊರ ಕಾಣುತ್ತದೆ. ಆ ಮನೆಯಲ್ಲಿ ನಾನು ಮೊರ ಹಿಡಿದು ವರ್ಷಗಳಾದವು. ಹಾಗಾದರೆ ಆ ಮಾತು ಅತ್ತಿಗೆಯದು. “ಸುಮ್ನಿರಿ ಅತ್ಗೆ, ಅವ್ರೇನ್ ಸರ್ಪಕ್ಕೆ ಸೂಜಿ ಆಕ್ತಾರಾ?” ಎಂದದ್ದು ನಾನಿರಬೇಕು. ಆಗ ಎಲ್ಲರೂ ನಕ್ಕ ನೆನಪಿದೆ. ನಗು ಬಂದಿದ್ದರೆ ಮಾತು ನನ್ನದೇ.

ಉಳಿದ ನೋವು ವಿಚಿತ್ರವಾಗಿತ್ತು. ಅವ್ವನ ಪಕ್ಕೆ ಒತ್ತಿದರೆ ತಡೆದುಕೊಳ್ಳುತ್ತಿದ್ದಳು. ಸೀರೆಯ ಸೆರಗು ಸವರಿದರೆ ತಡೆಯಲಾರಳು. ಫ್ಯಾನಿನ ಗಾಳಿ ತಾಗಿದರೂ ಹಲ್ಲು ಕಚ್ಚುತ್ತಿದ್ದಳು. ಎಡಗೈಯಲ್ಲಿ ಸೆರಗನ್ನು ಪಕ್ಕೆಯಿಂದ ನಾಲ್ಕು ಬೆರಳು ದೂರ ಹಿಡಿದುಕೊಂಡೇ ಊಟ, ಹಾಗೇ ಓಡಾಟ, ಹಾಗೇ ಹಸುವಿಗೆ ಹುಲ್ಲು ಹಾಕುವುದು.

ಕೊನೆಗೆ ಘಟ್ಟದ ಕೆಳಗೆ, ಸತ್ಯಮಂಗಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಿಂಬಂ ಘಾಟಿಯ ಒಂದೊಂದು ತಿರುವಿನಲ್ಲೂ ಬಸ್ಸು ವಾಲಿದಾಗ ಅವ್ವ ಸೆರಗು ಹಿಡಿದ ಕೈಯನ್ನು ಬಿಡಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿಯಲು ಒಂದೇ ಕೈ ಉಳಿದಿತ್ತು. ಅಣ್ಣ ಚೀಟಿ ಮಾಡಿಸಲು ನಿಂತಿದ್ದ. ಅತ್ತಿಗೆ ದನ ಕರು ನೋಡಿಕೊಳ್ಳಲು ಊರಲ್ಲೇ ಉಳಿದಿದ್ದಳು. ಡಾಕ್ಟರು ಹೇಳಿದ್ದನ್ನು ಕೂತು ಕೇಳಿದವಳು ನಾನೊಬ್ಬಳೇ.

ಅವರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಗುಳ್ಳೆ ಎದ್ದ ಮೂರು ದಿನದೊಳಗೆ ಬಂದಿದ್ದರೆ ಬೇರೆ ಮಾತ್ರೆ ಇತ್ತು, ಈಗ ಆ ಹೊತ್ತು ಕಳೆದಿದೆ. ಕಾಯಿಲೆ ಹೋಗಿದೆ, ನರ ಕೆಟ್ಟಿದೆ, ಸುಮ್ಮಸುಮ್ಮನೆ ಕೂಗಿಕೊಳ್ಳುತ್ತಿದೆ. ಇದಕ್ಕೆ ಮೆಣಸಿನಕಾಯಿಯ ಸತ್ವದ ಮುಲಾಮು ಬರೆದುಕೊಡುತ್ತೇನೆ ಎಂದರು. ಅವ್ವ ನನ್ನ ಮುಖ ನೋಡಿದಳು. ಉರಿಯುವ ಪಕ್ಕೆಗೆ ಮೆಣಸಿನಕಾಯಿ. ಡಾಕ್ಟರಿಗೆ ಆ ನೋಟ ಹೊಸದಲ್ಲವೆಂದು ಕಾಣುತ್ತದೆ. ಚರ್ಮದ ಕೆಳಗಿರುವ ಸಣ್ಣ ನರದ ತುದಿಗೆ ಬೆಂಕಿಯೂ ಮೆಣಸಿನಕಾಯಿಯೂ ಒಂದೇ, ಎರಡಕ್ಕೂ ಅದು ಒಂದೇ ಸುದ್ದಿ ಮೇಲೆ ಕಳಿಸುತ್ತದೆ ಎಂದರು. ಮತ್ತೆ ಮತ್ತೆ ಕೂಗಿಸಿದರೆ ಅದರ ಗಂಟಲು ಕಟ್ಟುತ್ತದೆ. ಖಾರಕ್ಕೂ ಕೂಗಲಾರದು, ನೋವಿಗೂ ಕೂಗಲಾರದು. ಮೊದಲ ಒಂದೆರಡು ವಾರ ಚೆನ್ನಾಗಿ ಉರಿಯುತ್ತದೆ, ಆಮೇಲೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ. ನಡುವೆ ಬಿಟ್ಟರೆ ಗಂಟಲು ಮತ್ತೆ ಬರುತ್ತದೆ, ಮೊದಲಿನಿಂದ ಉರಿ. ಬಿಡಬಾರದು. ಆ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಮನೆಗೆ ಬಂದು ಅತ್ತಿಗೆಗೂ ಹೇಳಿದೆನೇ? ಹೇಳಿರಬೇಕು. ಹೇಳದೆ ಇದ್ದರೆ ಅವಳು ಅಷ್ಟು ಸರಿಯಾಗಿ ಹಚ್ಚುತ್ತಿರಲಿಲ್ಲ.

ಮೊದಲ ಸಲ ಹಚ್ಚುವವಳು ನಾನೇ ಎಂದುಕೊಂಡಿದ್ದೆ. ಔಷಧಿ ಅಂಗಡಿಯಿಂದ ತಂದ ತೆಳು ರಬ್ಬರಿನ ಗ್ಲೌಸು ಹಾಕಿಕೊಂಡು ಅವ್ವನ ಹಿಂದೆ ಕೂತೆ. ಅದರ ಚರಚರ ಸದ್ದಿಗೆ ಅವ್ವ ತಿರುಗಿ ನೋಡಿದಳು.

“ಅದೇನವ್ವ ಅದು ಕೈಗೆ?”

“ಡಾಕ್ಟ್ರು ಆಕ್ಕೊ ಅಂದವ್ರೆ. ಖಾರದ್ದು, ಕೈ ಉರೀತದ.”

“ನನ್ ಪಕ್ಕೆ ಉರುದ್ರೆ ಚಿಂತಿಲ್ಲ, ನಿನ್ ಕೈ ಉರೀಬಾರ್ದು. ಎತ್ತವಳ ಮುಟ್ಟಕ್ಕೆ ಕವರ್ ಬೇಕಾ? ನಾನೇನು ಎಣನಾ?”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನಕ್ಕಳು. “ಬುಡಿ ಅತ್ತೆ, ಕೂಸುದು ಬರೆಯೋ ಕೈಯಿ. ಕೊಡವ್ವ ಇಲ್ಲಿ.”

ಅವಳು ಟ್ಯೂಬನ್ನು ಬರಿಗೈಗೆ ಹಿಂಡಿಕೊಂಡು, ಹಿಟ್ಟು ನಾದುವವಳಂತೆ ನಿರಾಯಾಸವಾಗಿ ಅವ್ವನ ಪಕ್ಕೆಗೆ ಇಟ್ಟಳು. ಅವ್ವ ಹಲ್ಲು ಕಚ್ಚಿ ಅವಳ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದುಕೊಂಡಳು.

“ಉರೀತದಾ ಅತ್ತೆ?”

“ಉರೀತದ. ನಿಂಗೆ?”

“ನಂಗೇನು. ಈ ಕೈಗೆ ಆನೆನೇ ಎದುರ್ಕತದ.”

ಇಬ್ಬರೂ ನಕ್ಕರು. ಅವ್ವ ನೋವಿನ ನಡುವೆ ನಕ್ಕದ್ದು ಒಂದು ತಿಂಗಳಲ್ಲಿ ಅದೇ ಮೊದಲು. ನಾನು ಗ್ಲೌಸು ಕಳಚುತ್ತಿದ್ದೆ. ಬೆವರಿಗೆ ಅದು ಬೆರಳಿಗೆ ಅಂಟಿಕೊಂಡು ಬರಲೊಲ್ಲದು.

ಅತ್ತಿಗೆಯ ಕೈಯ ವಿಷಯ ಹೇಳಬೇಕು. ಅಣ್ಣನ ಮುಸುಕಿನ ಜೋಳದ ಹೊಲ ಕಾಡಿನ ಅಂಚಿಗಿದೆ. ಬೇಲಿಯ ಹಗ್ಗಕ್ಕೆ ಖಾರ ಬಳಿಯುವುದು ಅವರ ಮನೆಯ ಕೆಲಸಗಳಲ್ಲಿ ಒಂದು. ಗ್ಯಾರೇಜಿನಿಂದ ತಂದ ಕರಿ ಆಯಿಲು, ಗ್ರೀಸು, ಖಾರದ ಪುಡಿ, ಮೂರನ್ನೂ ಹಳೆ ಬಕೆಟ್ಟಿನಲ್ಲಿ ಕಲಸಿ, ಸೀರೆಯ ಚೂರುಗಳನ್ನು ಅದ್ದಿ ಹಗ್ಗಕ್ಕೆ ಕಟ್ಟುತ್ತಾರೆ. ಸೊಂಡಿಲಿಗೆ ತಗುಲಿದರೆ ಆನೆ ಹಿಂದಿರುಗುತ್ತದೆ ಎಂದು. ಕೆಲವು ಹಿಂದಿರುಗುತ್ತವೆ, ಕೆಲವಕ್ಕೆ ಲೆಕ್ಕವೇ ಇಲ್ಲ. ಮಳೆ ಬಂದರೆ ಮತ್ತೆ ಬಳಿಯಬೇಕು. ಅಣ್ಣ ಕೋಲಿಗೆ ಬಟ್ಟೆ ಸುತ್ತಿ ಬಳಿಯುತ್ತಾನೆ, ಅತ್ತಿಗೆ ಬರಿಗೈಯಲ್ಲಿ. ಕೋಲಿನಲ್ಲಿ ಹಗ್ಗದ ಒಳಸಂದಿಗೆ ಇಳಿಯುವುದಿಲ್ಲವಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಅತ್ತಿದ್ದಳೆಂದು ಅಣ್ಣ ಹೇಳುತ್ತಾನೆ. ನಾನು ನೋಡಿದ್ದಿಲ್ಲ. ನಾನು ನೋಡುವ ಹೊತ್ತಿಗೆ ಆ ಕೈಗಳು ಹಾಗೇ ಇದ್ದವು. ಅಂಗೈ ಗೆರೆಗಳಲ್ಲಿ ಸೋಪಿಗೆ ಹೋಗದ ಕಪ್ಪು, ಉಗುರಿನ ಸುತ್ತ ದಪ್ಪ ಚರ್ಮ. ಪಕ್ಕದ ಹೊಲದವನು ನನ್ನೆದುರೇ ಹೇಳಿದ್ದ, “ನಿಮ್ ಅತ್ಗೆ ಕೈ ತೋರುಸ್ಬುಟ್ರೆ ಸಾಕು ಕಣವ್ವ, ಆನೆ ಆಸನೂರ್ ತಂಕ ನಿಲ್ಲದಿಲ್ಲ.”

ಅಸೂಯೆ ಎಂಬುದು ನನಗೆ ಹೊಸದಾಗಿರಲಿಲ್ಲ. ಆದರೆ ಅದು ಯಾವಾಗಲೂ ಒಬ್ಬ ಹೆಂಗಸಿನ ಮೇಲಿರುತ್ತಿತ್ತು, ಅವಳ ನಗು, ಅವಳ ಅಡುಗೆ, ಹೀಗೆ. ಬರೀ ಎರಡು ಕೈಗಳ ಮೇಲೆ ಅಸೂಯೆಪಟ್ಟದ್ದು ಅದೇ ಮೊದಲು. ಅತ್ತಿಗೆ ಒಳ್ಳೆಯವಳು. ಈ ಮಾತನ್ನು ಬರೆಯುವಾಗಲೂ ಇಷ್ಟವಿಲ್ಲದೆ ಬರೆಯುತ್ತಿದ್ದೇನೆ.

ಮರುದಿನ ಗ್ಲೌಸು ಬಿಟ್ಟು ಬರಿಗೈಯಲ್ಲಿ ಹಚ್ಚಿದೆ. ಮೊದಲು ಏನೂ ಆಗಲಿಲ್ಲ. ಇಷ್ಟೇನಾ ಅಂದುಕೊಂಡೆ. ಸ್ಕೂಟರು ಊರು ದಾಟುವ ಹೊತ್ತಿಗೆ ಬೆರಳ ಸಂದಿಯಲ್ಲಿ ಶುರುವಾಯಿತು. ಆಮೇಲೆ ಉಗುರಿನ ಕೆಳಗೆ. ಬಿಸಿಲಿಗೆ ಕಾದ ಹಿಡಿಕೆ, ಬೆವರು. ಮನೆಗೆ ಬಂದು ಬಿಸಿನೀರಿನಲ್ಲಿ ತೊಳೆದೆ. ಅದು ಉರಿಯುವ ಒಲೆಗೆ ಸೌದೆ ಹಾಕಿದಂತಾಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ, ಅದೇ ಕೈಯಲ್ಲಿ. ಗಂಡ ಬಂದು ನೋಡಿ, “ಒಲೆಗೆ ಕೈ ಇಕ್ಕಿದ್ಯಾ, ಕಣ್ಣಿಕ್ಕಿದ್ಯಾ?” ಎಂದ. ಬೇರೆ ದಾರಿಯಿಲ್ಲದೆ ಅತ್ತಿಗೆಗೆ ಫೋನು ಮಾಡಿದೆ.

“ನೀರಾಕ್ಬೇಡ ಕೂಸು,” ಎಂದಳು. “ಕೊಬ್ರಿ ಎಣ್ಣೆ ಸವುರಿ ಬಟ್ಟೇಲಿ ವರ್ಸು. ಆಮೇಲೆ ಸೋಪು. ಖಾರ ನೀರ್ಗೆ ಬುಡದಿಲ್ಲ, ಎಣ್ಣೆಗೆ ಬುಡ್ತದ.”

ಬಿಟ್ಟಿತು. ಅವಳು ಹೇಳಿದ್ದು ಸರಿಹೋಯಿತೆಂದು ನನಗೆ ಸಿಟ್ಟು ಬಂತು.

ಇನ್ನೊಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ಡಾಕ್ಟರು ಹೇಳಿದ್ದು ತಲೆಯಲ್ಲಿತ್ತು. ಮತ್ತೆ ಮತ್ತೆ ಕೂಗಿಸಿದರೆ ನರದ ಗಂಟಲು ಕಟ್ಟುತ್ತದೆ. ಹಾಗಾದರೆ ಕೈಯನ್ನು ಪಳಗಿಸಬಹುದು. ಒಂದು ಮಧ್ಯಾಹ್ನ ಅವರೆಲ್ಲ ಹೊಲದಲ್ಲಿದ್ದಾಗ ಹಿತ್ತಲಿಗೆ ಹೋಗಿ ಆನೆಯ ಬಕೆಟ್ಟಿಗೆ ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿದೆ. ಬೆರಳು ಅಗಲಿಸಿ, ನೂರು ಎಣಿಸುವವರೆಗೆ. ಎಪ್ಪತ್ತಕ್ಕೋ ಎಂಬತ್ತಕ್ಕೋ ಅಣ್ಣ ಬಂದ. ಸ್ವಲ್ಪ ಹೊತ್ತು ನೋಡಿದ.

“ಏನ್ಮಾಡ್ತಿದ್ದೀಯ?”

“ಏನಿಲ್ಲ.”

“ಸರಿ. ಈ ಸಲ ಆನೆ ಬಂದ್ರೆ ಬೇಲಿ ಸಂದೀಲಿ ನೀನೇ ನಿಂತ್ಕೊ. ಬಟ್ಟೆ ಉಳೀತದ.”

ಮೂರು ದಿನ ಅನ್ನ ಕಲಸಲಾಗಲಿಲ್ಲ. ಚಮಚದಲ್ಲಿ ತಿಂದೆ. ಆ ಮೂರು ದಿನವೂ ನಾಲ್ಕು ಹೊತ್ತು ಅತ್ತಿಗೆಯೇ ಹಚ್ಚಿದಳು.

ಮೂರನೆಯ ವಾರ ಒಂದು ಮಧ್ಯಾಹ್ನ ಹೋದಾಗ ಅವ್ವ ಜಗಲಿಯಲ್ಲಿ ಕಾಳು ಬಿಡಿಸುತ್ತ ಕೂತಿದ್ದಳು. ಏನೋ ಬೇರೆ ಅನಿಸಿತು. ಏನೆಂದು ತಿಳಿಯಲು ಹೊತ್ತು ಹಿಡಿಯಿತು. ಎರಡೂ ಕೈ ಮೊರದಲ್ಲಿದ್ದವು. ಸೆರಗು ತಾನಾಗಿಯೇ ಎಡ ಪಕ್ಕೆಯ ಮೇಲೆ ಬಿದ್ದಿತ್ತು, ಎಲ್ಲರ ಸೆರಗಿನ ಹಾಗೆ. ಅದನ್ನು ನೋಡಿ ನನಗೆ ಸಂತೋಷವಾಯಿತು. ಆಗಲಿಲ್ಲವೆಂದರೆ ಸುಳ್ಳು. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು. ಅವ್ವ ವಾಸಿಯಾಗುತ್ತಿದ್ದಾಳೆ, ಅದರಲ್ಲಿ ನನ್ನ ಕೈ ಇಲ್ಲ.

ಆ ವಾರವೇ ಹಾಸನೂರಿನಲ್ಲಿ ಅತ್ತಿಗೆಯ ತಾಯಿಗೆ ಕಣ್ಣಿನ ಪೊರೆ ತೆಗೆಸಿದರು. ಹನಿ ಬಿಡಲು ಮಗಳೇ ಬೇಕೆಂದರಂತೆ. ಅತ್ತಿಗೆ ಹೊರಡುವಾಗ ಟ್ಯೂಬನ್ನು ನನ್ನ ಕೈಗೆ ಕೊಟ್ಟಳು. ಅರ್ಧ ಮುಗಿದದ್ದೊಂದು, ಒಡೆಯದ ಹೊಸದೊಂದು.

“ಈಗ ಅಷ್ಟು ಉರಿ ಇಲ್ಲ ಅತ್ತೆಗೆ. ಬುಡ್ಬೇಡ ಕೂಸು. ನೀನು ಎಣ್ಣೆ ಸವುರ್ಕೊಂಡು ಆಕು, ಕೈ ತಡ್ಕತದ.”

ಎಂಟು ದಿನವೋ ಹತ್ತು ದಿನವೋ ನಾನು ತಿಗನಾರೆಯಲ್ಲೇ ಉಳಿದೆ. ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ನಾನು ಮೊದಲ ದಿನವೇ ನಿರ್ಧಾರ ಮಾಡಿದ್ದೆ. ಇನ್ನೊಂದರಲ್ಲಿ ಕೊನೆಯವರೆಗೂ ನನಗೇನೂ ಗೊತ್ತೇ ಇರಲಿಲ್ಲ. ಎರಡೂ ಓದಲು ಚೆನ್ನಾಗಿದ್ದವು. ಅದಕ್ಕೇ ಹರಿದೆ.

ನಡೆದದ್ದು ಹೆಚ್ಚುಕಡಿಮೆ ಹೀಗಿರಬೇಕು. ಮೊದಲ ದಿನ ಕೈಗೆ ಎಣ್ಣೆ ಸವರಿಕೊಂಡು ಮುಲಾಮು ಹಚ್ಚಿದೆ. ಅವ್ವ ಸ್ವಲ್ಪ ಮುಖ ಹಿಂಡಿದಳು, ಅಷ್ಟೆ. ಎರಡನೆಯ ದಿನ ಎಣ್ಣೆ ಸ್ವಲ್ಪ ಹೆಚ್ಚಾಯಿತು, ಅದು ಅವ್ವನ ಮೈಗೂ ಇಳಿಯಿತು. ಮುಖ ಹಿಂಡಲಿಲ್ಲ. ಮೂರನೆಯ ದಿನ ಮುಲಾಮನ್ನು ಕಾಳಿನಷ್ಟು ತೆಗೆದು ಎಣ್ಣೆಯಲ್ಲಿ ಕಲಸಿದೆ. ಆ ದಿನವೇ ಇರಬೇಕು, ಅವ್ವ ಕಣ್ಣು ಮುಚ್ಚಿಕೊಂಡು ಆ ಮಾತು ಹೇಳಿದ್ದು, ಹೇಳಿದ್ದರೆ. ನಿನ್ನ ಕೈ ತಣ್ಣಗದ ಕಣವ್ವ. ಅವಳ ಮೈ ನನ್ನ ಕೈಯ ಕೆಳಗೆ ಸಡಿಲವಾಗಿತ್ತು. ಪಕ್ಕೆಯ ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತಿದ್ದವು. ಚಿಕ್ಕಂದಿನಲ್ಲಿ ನನ್ನ ಬೆನ್ನು ಉಜ್ಜಿದವಳ ಬೆನ್ನು. ನಾನು ಬೇಕೆಂದೇ ನಿಧಾನ ಮಾಡಿದೆ.

ಆಮೇಲಿನ ದಿನಗಳಲ್ಲಿ ಮುಲಾಮು ಇತ್ತೇ? ಇತ್ತು ಅನಿಸುತ್ತದೆ. ಟ್ಯೂಬಿನ ಮುಚ್ಚಳ ತೆಗೆದು ಹಾಕುತ್ತಿದ್ದ ಸದ್ದು ನೆನಪಿದೆ. ಅವ್ವನಿಗೆ ಕೇಳಲೆಂದು ಆ ಸದ್ದು ಮಾಡುತ್ತಿದ್ದೆ ಎಂಬುದೂ ನೆನಪಿದೆ. ಬೆರಳಿನಲ್ಲಿ ಏನಿತ್ತೆಂಬುದು ನೆನಪಿಲ್ಲ. ಡಾಕ್ಟರು ಎರಡು ಸಲ ಹೇಳಿದ್ದ ಮಾತು ಮಾತ್ರ ಮರೆತಿರಲಿಲ್ಲ. ಮರೆತಿದ್ದೆ ಎಂದು ಬರೆದುಬಿಟ್ಟರೆ ಎಷ್ಟು ಸುಲಭವಿತ್ತು.

ಅತ್ತಿಗೆ ಒಂದು ಮಧ್ಯಾಹ್ನ ಬಂದಳು. ಬಸ್ಸಿಳಿದು, ಚೀಲ ಇಟ್ಟು, ಕೈಕಾಲು ತೊಳೆದು, ನೀರೂ ಕುಡಿಯದೆ ಅವ್ವನ ಹಿಂದೆ ಕೂತು ಟ್ಯೂಬು ಹಿಂಡಿದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಹೇಳಬಹುದಿತ್ತು. ಇಷ್ಟು ದಿನ ಕಡಿಮೆ ಹಾಕಿದ್ದೇನೆ, ಸ್ವಲ್ಪವೇ ಹಚ್ಚಿ ಎನ್ನಬಹುದಿತ್ತು. ಬಾಯಲ್ಲಿ ಏನೋ ಅಗಿಯುತ್ತಿದ್ದೆ, ಅಗಿಯುತ್ತಲೇ ಇದ್ದೆ.

ಅವ್ವ ಕೂಗಿಕೊಂಡಳು. ತಿರುಗಿ ಅತ್ತಿಗೆಯ ಕೈಯನ್ನು ಹೊಡೆದು ತಳ್ಳಿದಳು.

“ತಗಿಯವ್ವ ಕೈಯ. ನನ್ನ ಸುಟ್ಟಾಕಕ್ಕೆ ಬಂದ್ಯಾ ಅಲ್ಲಿಂದ?”

ಅತ್ತಿಗೆ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಮೇಲೆ, ಕೆಳಗೆ. ಅದರಲ್ಲಿ ತಪ್ಪು ಕಾಣುತ್ತದೇನೋ ಎಂಬಂತೆ.

“ನಾನ್ ಯಾವಾಗ್ಲೂ ಆಕ್ದಂಗೇ ಆಕ್ದೆ ಅತ್ತೆ.”

“ಇಲ್ಲ. ನೀ ಬ್ಯಾಡ.” ಅವ್ವ ಉಸಿರು ಎಳೆದುಕೊಂಡು ನನ್ನ ಕಡೆ ನೋಡಿದಳು. “ಅವಳೇ ಆಕ್ಲಿ.”

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ. ಅವ್ವ ಉರಿಯಲ್ಲಿ ಒದ್ದಾಡುತ್ತಿದ್ದಾಳೆ, ನನ್ನ ಬಾಯಲ್ಲಿ ಬೆಲ್ಲ ಕರಗಿದಂತಾಯಿತು. ಬೇರೆ ಎಲ್ಲವನ್ನೂ ಅನುಮಾನಿಸಬಲ್ಲೆ, ಆ ಸಿಹಿಯನ್ನು ಅನುಮಾನಿಸಲಾರೆ.

ಸಂಜೆ ಅತ್ತಿಗೆ ಗೂಡಿನಲ್ಲಿದ್ದ ಎರಡೂ ಟ್ಯೂಬುಗಳನ್ನು ಕೈಗೆತ್ತಿಕೊಂಡು ತೂಗಿ ನೋಡಿದಳು.

“ಒಸದ ವಡ್ದೇ ಇಲ್ವಲ್ಲ ಕೂಸು.”

“ತೆಳ್ಳಗೆ ಹಚ್ತಿದ್ದೆ.”

“ಊಂ,” ಎಂದಳು. ಮರುದಿನ ಬಟ್ಟೆ ಒಗೆಯುವಾಗ ಅವ್ವನ ರವಿಕೆಗಳನ್ನು ಬೇರೆ ಇಟ್ಟು, ಎಣ್ಣೆಯ ಕಲೆಗೆ ಎರಡು ಸಲ ಸೋಪು ಹಾಕಿ ಉಜ್ಜುತ್ತಿದ್ದಳು. ನಾನು ಪಕ್ಕದಲ್ಲೇ ನೀರು ಸೇದುತ್ತಿದ್ದೆ. ಅವಳು ತಲೆ ಎತ್ತಲಿಲ್ಲ.

ಅವತ್ತಿನಿಂದ ದಿನಕ್ಕೆ ಎರಡು ಸಲ ಪಣಕಹಳ್ಳಿಯಿಂದ ಹೋಗುತ್ತಿದ್ದೆ, ಉಳಿದ ಎರಡು ಹೊತ್ತು ಅವ್ವ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಈಗ ನಾನು ಬೋನಿಗೆ ಬಿದ್ದಿದ್ದೆ. ಸರಿಯಾಗಿ ಹಚ್ಚಿದರೆ ನನ್ನ ಕೈಯೂ ಸುಡುವ ಕೈ. ಹಚ್ಚದಿದ್ದರೆ ನೋವು. ಒಂದು ದಿನ ಗಟ್ಟಿ ಮನಸ್ಸು ಮಾಡಿ ಬಟಾಣಿಯಷ್ಟು ಹಚ್ಚಿದೆ. ಅವ್ವ ಬೆನ್ನು ಬಿಗಿದು “ಇವತ್ತೇನವ್ವ?” ಎಂದಳು. ಮರುದಿನ ಮತ್ತೆ ಎಣ್ಣೆಯ ಬಾಟಲಿಗೆ ಕೈ ಹೋಯಿತು. ಎರಡು ವಾರದಲ್ಲಿ ಅವ್ವನ ಎಡಗೈ ಮತ್ತೆ ಸೆರಗು ಹಿಡಿಯಿತು. ಮೊದಲು ಊಟದ ಹೊತ್ತಿಗೆ, ಆಮೇಲೆ ಇಡೀ ದಿನ.

ಮತ್ತೆ ಸತ್ಯಮಂಗಲ. ಈ ಸಲ ಅತ್ತಿಗೆಯೂ ಬಂದಳು. ಡಾಕ್ಟರು ಅವ್ವನ ಪಕ್ಕೆಯ ಮೇಲೆ ಹತ್ತಿಯ ಎಳೆಯೊಂದನ್ನು ಸವರಿದರು. ಅವ್ವ ಮೇಜಿನಿಂದ ಅರ್ಧ ಎದ್ದಳು. ಅವರು ಹತ್ತಿಯನ್ನು ಕೆಳಗಿಟ್ಟು ಕೇಳಿದರು, ಮುಲಾಮು ನಡುವೆ ಬಿಟ್ಟಿದ್ದಿರಾ?

ನಾನು ಬಾಯಿ ತೆರೆದೆ. ತೆರೆದೆನೆಂದು ಅನಿಸುತ್ತದೆ.

“ನಾನೇ ಸಾರ್,” ಎಂದಳು ಅತ್ತಿಗೆ, ತಮಿಳಿನಲ್ಲಿ. ತವರಿಗೆ ಹೋಗಿದ್ದೆ, ಅಲ್ಲಿಂದ ಬಂದ ಮೇಲೆ ಸರಿಯಾಗಿ ಹಚ್ಚಲಿಲ್ಲ, ಬಿಟ್ಟು ಬಿಟ್ಟು ಹೋಯಿತು, ನನ್ನದೇ ತಪ್ಪು.

ಡಾಕ್ಟರು ಅವಳಿಗೆ ಬೈದರು. ಚೆನ್ನಾಗಿಯೇ ಬೈದರು. ಅವಳು ತಲೆ ತಗ್ಗಿಸಿ ಕೇಳಿದಳು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಆಗ ನನಗೆ ನಾಚಿಕೆಯಾಗಬೇಕಿತ್ತು, ಆಮೇಲೆ ಆಯಿತು ಕೂಡ. ಆದರೆ ಮೊದಲು ಬಂದದ್ದು ಅದೇ ಹಳೆಯದು. ನನ್ನ ತಪ್ಪನ್ನೂ ಇವಳೇ ತೆಗೆದುಕೊಂಡಳಲ್ಲ. ಅದನ್ನು ಹೊರುವುದಕ್ಕೂ ಅವಳದೇ ಗಟ್ಟಿ ಕೈ.

ಮೊದಲಿನಿಂದ ಶುರು ಮಾಡಿ, ಅಥವಾ ಮಾತ್ರೆಯಲ್ಲೇ ನೋಡೋಣ ಎಂದರು ಡಾಕ್ಟರು. ಅವ್ವ ಕೈ ಮುಗಿದು, “ಆ ಖಾರ ಸಾಕು ಸಾಮಿ,” ಎಂದಳು. ಮಾತ್ರೆ ಬರೆದರು. ಅದನ್ನು ನುಂಗಿದರೆ ಅವ್ವ ತೂಕಡಿಸುತ್ತಾಳೆ. ನೋವು ಸ್ವಲ್ಪ ಕಡಿಮೆ.

ವಾಪಸು ಬರುವ ಬಸ್ಸಿನಲ್ಲಿ ಅವ್ವ ಅತ್ತಿಗೆಯ ಪಕ್ಕ ಕೂತಳು. ನಾನು ಹಿಂದಿನ ಸೀಟು. ಘಾಟಿ ಹತ್ತುವಾಗ ಅವ್ವನ ತಲೆ ಅತ್ತಿಗೆಯ ಭುಜದ ಮೇಲೆ ಬಿತ್ತು. ಸೆರಗು ಹಿಡಿದಿದ್ದ ಬೆರಳು ನಿದ್ದೆಯಲ್ಲಿ ಸಡಿಲವಾದಾಗ, ಅತ್ತಿಗೆ ತನ್ನ ಕೈ ಚಾಚಿ ಆ ಸೆರಗನ್ನು ಪಕ್ಕೆಗೆ ತಾಗದ ಹಾಗೆ ಹಿಡಿದುಕೊಂಡಳು. ಎಲ್ಲ ತಿರುವು ಮುಗಿಯುವವರೆಗೂ ಹಿಡಿದೇ ಇದ್ದಳು. ನಾನು ಎಣಿಸುತ್ತಿದ್ದೆ.

ಒಡೆಯದ ಟ್ಯೂಬನ್ನು ಯಾರಿಗೂ ಹೇಳದೆ ತಂದುಕೊಂಡೆ. ಅದನ್ನು ನನ್ನ ಎಡ ಪಕ್ಕೆಗೆ ಹಚ್ಚಿದೆ, ಅವ್ವನಿಗೆ ಪಟ್ಟಿ ಎದ್ದಿದ್ದ ಅದೇ ಜಾಗಕ್ಕೆ, ದಿನಕ್ಕೆ ನಾಲ್ಕು ಸಲ, ಬರಿಗೈಯಲ್ಲಿ, ಎಣ್ಣೆಯಿಲ್ಲದೆ. ಮೊದಲ ವಾರ ರವಿಕೆ ಹಾಕಲಾಗಲಿಲ್ಲ, ಗಂಡನ ಅಂಗಿ ಹಾಕಿಕೊಂಡಿದ್ದೆ. ಎರಡನೆಯ ವಾರದ ಕೊನೆಗೆ ಉರಿ ಇಳಿಯಿತು. ಮೂರನೆಯ ವಾರ ಹಚ್ಚಿದ್ದೇನೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಾಯಿತು. ಬೆರಳಿಗೂ ಅಷ್ಟೆ. ಬಿಸಿ ಲೋಟವನ್ನು ಆ ಜಾಗಕ್ಕೆ ಇಟ್ಟುಕೊಂಡರೆ ಬಿಸಿ ಎಂದು ತಡವಾಗಿ ತಿಳಿಯುತ್ತಿತ್ತು, ಅದೂ ದೂರದಿಂದ, ಯಾರದೋ ಮೈಯಲ್ಲಿ ಎಂಬಂತೆ. ಟ್ಯೂಬು ಮುಗಿಯಿತು. ಹದಿನೈದು ದಿನದಲ್ಲಿ ಬಿಸಿ ಮತ್ತೆ ಬಿಸಿಯಾಯಿತು. ಇದರಿಂದ ಏನೂ ಸಾಬೀತಾಗುವುದಿಲ್ಲ. ನನ್ನ ನರ ಕೆಟ್ಟಿರಲಿಲ್ಲ. ಬಿಡದೆ ಹಚ್ಚಿದ್ದರೆ ಅವ್ವನ ನೋವು ಹೋಗುತ್ತಿತ್ತೇ, ಕೆಲವರಿಗೆ ಹೋಗುವುದೇ ಇಲ್ಲವಂತೆ, ಇವಳು ಆ ಕೆಲವರಲ್ಲಿ ಒಬ್ಬಳೇ, ಹೇಳುವವರು ಯಾರೂ ಇಲ್ಲ.

ಹೋದ ವಾರ ತಿಗನಾರೆಗೆ ಹೋಗಿದ್ದೆ. ಅತ್ತಿಗೆ ಹಗ್ಗಕ್ಕೆ ಬಳಿಯುತ್ತಿದ್ದಳು. ನಾನೂ ಒಂದು ತುದಿ ಹಿಡಿದೆ. “ಕೋಲು ತಗೊ ಕೂಸು,” ಎಂದಳು. ತೆಗೆದುಕೊಂಡೆ. ಅವ್ವ ಜಗಲಿಯಿಂದ ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದಳು, ಎಡಗೈಯಲ್ಲಿ ಸೆರಗು. ಕೆಲಸ ಮುಗಿದ ಮೇಲೆ ನಾನು ಕೈಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿಕೊಳ್ಳುತ್ತ ಅವಳ ಪಕ್ಕ ಕೂತೆ. ಅವ್ವ ಮೂಗನ್ನು ಸ್ವಲ್ಪ ಈ ಕಡೆ ತಿರುಗಿಸಿದಳು, ಮತ್ತೆ ಹೊಲದ ಕಡೆ ನೋಡಿದಳು.

ಆ ಎಣ್ಣೆಯ ವಾಸನೆ ನಾನು ಹಚ್ಚಿದ ಅಷ್ಟು ದಿನವೂ ಅವಳ ಮೈಮೇಲೇ ಇತ್ತು. ಮುಲಾಮಿಗೆ ಆ ವಾಸನೆಯಿಲ್ಲ. ಅವಳಿಗೆ ಗೊತ್ತಾಗಿ ಸುಮ್ಮನಿದ್ದಳೋ, ಗೊತ್ತೇ ಆಗಲಿಲ್ಲವೋ, ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.